ಟೇಬಲ್ ಸಾಗೆ ಮನೆಯಲ್ಲೇ ಕ್ರಾಸ್‌ಕಟ್ ಸ್ಲೆಡ್: ಕರಾವಳಿಯ ಮಳೆಗಾಲದಲ್ಲೂ ಮಟ್ಟ ತಪ್ಪದಂತೆ ಮಾಡುವ ಕ್ರಮ

ನಾಲ್ಕು ಪಟ್ಟಿಗಳನ್ನು ಸೇರಿಸಿ ಚೌಕಟ್ಟು ಕಟ್ಟುವಾಗ ಮೂರು ಮೂಲೆಗಳು ಸರಿಯಾಗಿ ಕೂತು ನಾಲ್ಕನೆಯದರಲ್ಲಿ ಮಾತ್ರ ಕೂದಲೆಳೆಯಷ್ಟು ಸಂದು ಉಳಿಯುವುದು ಮರಗೆಲಸ ಮಾಡುವ ಎಲ್ಲರಿಗೂ ಪರಿಚಿತವಾದ ತೊಂದರೆ. ಹೆಚ್ಚಿನ ಸಲ ಇದಕ್ಕೆ ಕಾರಣ ಪಟ್ಟಿಗಳ ತುದಿಗಳು ನಿಖರವಾಗಿ 90 ಡಿಗ್ರಿಯಲ್ಲಿ ಕೊಯ್ದಿಲ್ಲದಿರುವುದು. ಅರ್ಧ ಡಿಗ್ರಿಯ ತಪ್ಪು ಕಣ್ಣಿಗೆ ಕಾಣುವುದಿಲ್ಲ. ಆದರೆ 300 ಮಿ.ಮೀ. ಅಗಲದ ಹಲಗೆಯಲ್ಲಿ ಅದು 2.6 ಮಿ.ಮೀ. ಆಗಿ ಹೊರಬೀಳುತ್ತದೆ. ಟೇಬಲ್ ಸಾ (ಮೇಜಿನ ಸೀಳಿನಿಂದ ದುಂಡು ಬ್ಲೇಡ್ ಮೇಲೆದ್ದು ತಿರುಗುವ ಗರಗಸ) ಯಂತ್ರದ ಜೊತೆಗೆ ಬರುವ, ಮರವನ್ನು ಅಡ್ಡಕ್ಕೆ ಹಿಡಿದು ತಳ್ಳುವ ಮೈಟರ್ ಗೇಜಿಗೆ ಒಂದೇ ಪಟ್ಟಿ, ಅಂಗೈಯಗಲದ ತಲೆ. ಉದ್ದದ ಹಲಗೆಯನ್ನು ಅದಕ್ಕೆ ಒತ್ತಿ ಹಿಡಿದು ತಳ್ಳಿದರೆ ಹಲಗೆ ಮೇಜಿನ ಮೇಲೆ ಉಜ್ಜುತ್ತಾ ಸ್ವಲ್ಪ ತಿರುಗಿಯೇ ತಿರುಗುತ್ತದೆ.

ಕ್ರಾಸ್‌ಕಟ್ ಸ್ಲೆಡ್ ಎಂಬುದು ಈ ಉಜ್ಜಾಟವನ್ನೇ ಇಲ್ಲವಾಗಿಸುವ ಜಾರುಹಲಗೆ. ಅದರ ಅಡಿಯಲ್ಲಿ ಪಟ್ಟಿಯಂಥ ಎರಡು ರನ್ನರ್‌ಗಳಿದ್ದು, ಅವು ಮೇಜಿನಲ್ಲಿ ಕೊರೆದ ಉದ್ದನೆಯ ತೋಡುಗಳಾದ ಎರಡು ಮೈಟರ್ ಸ್ಲಾಟ್‌ಗಳಲ್ಲಿ ಓಡುತ್ತವೆ. ಮೇಲೆ ನಮ್ಮ ಕಡೆಗೊಂದು, ಆಚೆ ಕಡೆಗೊಂದು ಫೆನ್ಸ್, ಅಂದರೆ ನೇರ ನಿಂತ ಅಡ್ಡಪಟ್ಟಿ, ಇರುತ್ತದೆ. ಕೊಯ್ಯುವ ಮರವು ಸ್ಲೆಡ್‌ನ ಮೇಲೆ ಅಲುಗಾಡದೆ ಕೂತು ಸ್ಲೆಡ್‌ನ ಜೊತೆಯಲ್ಲೇ ಬ್ಲೇಡಿನತ್ತ ಸಾಗುತ್ತದೆ. ನಮ್ಮ ಕಡೆಯ ಫೆನ್ಸ್ ಬ್ಲೇಡಿಗೆ ಎಷ್ಟು ನಿಖರವಾಗಿ ಲಂಬವಾಗಿದೆಯೋ ಕೊಯ್ದ ತುದಿಯೂ ಅಷ್ಟೇ ನಿಖರವಾಗಿರುತ್ತದೆ.

ನಾನು ಉಡುಪಿಯ ಹತ್ತಿರ, ಮನೆಯ ಹಿಂದಿನ ಹಳೆಯ ಹಟ್ಟಿಯನ್ನೇ ಕೆಲಸದ ಕೋಣೆ ಮಾಡಿಕೊಂಡವನು. ನನ್ನ ಮೊದಲ ಸ್ಲೆಡ್ಡನ್ನು ಮಾರ್ಚ್ ತಿಂಗಳಲ್ಲಿ ಮಾಡಿದೆ. ಕೈಗೆ ಸಿಕ್ಕಿದ ಸಾಗುವಾನಿ ತುಂಡಿನಿಂದ ರನ್ನರ್ ಕೀಸಿ, ಸ್ಲಾಟಿನಲ್ಲಿ ಒಂದಿಷ್ಟೂ ಅಲುಗದಂತೆ ಕೂರಿಸಿದಾಗ ಬಹಳ ತೃಪ್ತಿಯಾಗಿತ್ತು. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆ ಹಿಡಿದ ಒಂದು ವಾರದಲ್ಲಿ, ಕೊಯ್ಯುವ ಹೊತ್ತಿನಲ್ಲೇ, ಸ್ಲೆಡ್ ಅರ್ಧ ದಾರಿಯಲ್ಲಿ ಕಚ್ಚಿಕೊಂಡು ನಿಂತಿತು. ತಿರುಗುತ್ತಿರುವ ಬ್ಲೇಡಿನ ಮುಂದೆ ಜೋರು ಹಾಕಿ ತಳ್ಳುವಂತಿರಲಿಲ್ಲ. ಯಂತ್ರ ನಿಲ್ಲಿಸಿ ಎತ್ತಬೇಕಾಯಿತು. ಆಗ ರನ್ನರ್ ಕೀಸಿ ಸಡಿಲ ಮಾಡಿದೆ. ಜನವರಿಯಲ್ಲಿ ಅದೇ ರನ್ನರ್ ಸ್ಲಾಟಿನೊಳಗೆ ಅತ್ತಿತ್ತ ಆಡತೊಡಗಿತು, ಕೊಯ್ದ ತುದಿಗಳು ಒಂದೊಂದು ಸಲ ಒಂದೊಂದು ಕೋನಕ್ಕೆ ಬಂದವು. ನೆರೆಯ ಬಡಗಿ ಆಚಾರ್ಯರಿಗೆ ತೋರಿಸಿದಾಗ ಅವರು ರನ್ನರಿನ ತುದಿಯನ್ನು ಬೆಳಕಿಗೆ ಹಿಡಿದು, "ಮರದ ಉಂಗುರ ಮಲಗಿದೆ ನೋಡಿ ಮಾರಾಯ್ರೆ, ಇದು ನಿಲ್ಲಬೇಕಿತ್ತು" ಎಂದರು. ಆ ಮಾತಿನ ಅರ್ಥವನ್ನು ಮುಂದೆ ರನ್ನರಿನ ಭಾಗದಲ್ಲಿ ವಿವರವಾಗಿ ಹೇಳುತ್ತೇನೆ. ಒಣ ಊರಿನವರು ಹಾಕಿಕೊಟ್ಟ ನಕ್ಷೆಯನ್ನು ಹಾಗೆಯೇ ಅನುಸರಿಸಿದರೆ ನಮ್ಮಲ್ಲಿ ಸಾಲುವುದಿಲ್ಲ. ಕರಾವಳಿಯ ಸ್ಲೆಡ್ಡನ್ನು ಮೊದಲಿನಿಂದಲೇ ಮತ್ತೆ ಬಿಚ್ಚಿ ಸರಿಪಡಿಸಲು ಬರುವಂತೆ ಕಟ್ಟಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಯಂತ್ರವನ್ನು ಪರೀಕ್ಷಿಸಿ

ಬ್ಲೇಡ್ ಮೈಟರ್ ಸ್ಲಾಟಿಗೆ ಸಮಾನಾಂತರವಾಗಿಲ್ಲದಿದ್ದರೆ ಎಷ್ಟು ಒಳ್ಳೆಯ ಸ್ಲೆಡ್ ಮಾಡಿದರೂ ಪ್ರಯೋಜನವಿಲ್ಲ. ಪ್ಲಗ್ ಕಿತ್ತ ಬಳಿಕ ಬ್ಲೇಡನ್ನು ಪೂರ್ತಿ ಮೇಲಕ್ಕೆತ್ತಿ, ಒಂದು ಹಲ್ಲಿಗೆ ಪೆನ್ಸಿಲ್ ಗುರುತು ಹಾಕಿ. ಆ ಹಲ್ಲು ನಮ್ಮ ಕಡೆ ಇರುವಾಗ ಸ್ಲಾಟಿನ ಅಂಚಿನಿಂದ ಎಷ್ಟು ದೂರವಿದೆಯೆಂದು ವರ್ನಿಯರ್ ಕ್ಯಾಲಿಪರಿನಿಂದ ಅಳೆಯಿರಿ. ಬ್ಲೇಡನ್ನು ಕೈಯಿಂದ ತಿರುಗಿಸಿ ಅದೇ ಹಲ್ಲನ್ನು ಆಚೆ ಬದಿಗೆ ತಂದು ಮತ್ತೆ ಅಳೆಯಿರಿ. ಎರಡೂ ಅಳತೆಗಳ ನಡುವೆ 0.1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಯಂತ್ರದ ಕೈಪಿಡಿಯಲ್ಲಿ ಹೇಳಿದ ಬೋಲ್ಟ್‌ಗಳನ್ನು ಸಡಿಲಿಸಿ ಸರಿಪಡಿಸಬೇಕು. ಎರಡೂ ಸಲ ಒಂದೇ ಹಲ್ಲನ್ನು ಅಳೆಯುವುದು ಮುಖ್ಯ, ಏಕೆಂದರೆ ಬ್ಲೇಡ್ ಸ್ವಲ್ಪ ಬಾಗಿದ್ದರೂ ಆಗ ಅದು ಅಳತೆಯಲ್ಲಿ ಸೇರಿಕೊಳ್ಳುವುದಿಲ್ಲ. ಆಮೇಲೆ ಮೂಲೆಮಟ್ಟವನ್ನು ಮೇಜಿನ ಮೇಲಿಟ್ಟು, ಹಲ್ಲುಗಳಿಗೆ ತಾಗದಂತೆ ಬ್ಲೇಡಿನ ಮೈಗೆ ಒರಗಿಸಿ, ಬ್ಲೇಡ್ ಮೇಜಿಗೆ ನೇರ 90 ಡಿಗ್ರಿಯಲ್ಲಿ ನಿಂತಿದೆಯೇ ಎಂದು ನೋಡಿ.

ಅಡ್ಡಕ್ಕೆ ಕೊಯ್ಯಲು 10 ಇಂಚಿನ ಬ್ಲೇಡಿನಲ್ಲಿ 60 ಹಲ್ಲುಗಳಾದರೂ ಇರಬೇಕು. 24 ಹಲ್ಲಿನ ಬ್ಲೇಡ್ ಉದ್ದಕ್ಕೆ ಸೀಳುವುದಕ್ಕೆ. ಅದರಿಂದ ಅಡ್ಡಕ್ಕೆ ಕೊಯ್ದರೆ ಪ್ಲೈವುಡ್ಡಿನ ಮೇಲ್ಪದರ ಸಿಬಿರೆದ್ದು ಹಾಳಾಗುತ್ತದೆ.

ಸಾಮಗ್ರಿಯ ಆಯ್ಕೆ

ತಳಹಲಗೆಗೆ 12 ಮಿ.ಮೀ. ಪ್ಲೈವುಡ್ ಸಾಕು. 18 ಮಿ.ಮೀ. ಹಾಕಿದರೆ ಗಟ್ಟಿಯಾಗಿರುತ್ತದೆ, ಆದರೆ ಅಷ್ಟು ಎತ್ತರವನ್ನು ಬ್ಲೇಡ್ ಕಳೆದುಕೊಳ್ಳುತ್ತದೆ. 10 ಇಂಚಿನ ಯಂತ್ರಗಳಲ್ಲಿ ಬ್ಲೇಡ್ ಸಾಮಾನ್ಯವಾಗಿ 80 ಮಿ.ಮೀ.ಗೆ ಹತ್ತಿರದಷ್ಟು ಮೇಲೇಳುತ್ತದೆ, 8 ಇಂಚಿನದರಲ್ಲಿ ಇನ್ನೂ ಕಡಿಮೆ.

ಪ್ಲೈವುಡ್ ಕೊಳ್ಳುವಾಗ ನಮ್ಮ ಹವೆಯನ್ನು ನೆನಪಿಟ್ಟುಕೊಳ್ಳಬೇಕು. ಎಂಆರ್ (ತೇವವನ್ನು ತಕ್ಕಮಟ್ಟಿಗೆ ತಡೆಯುವ) ದರ್ಜೆಯ ಹಲಗೆಯ ಪದರಗಳನ್ನು ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಿನಿಂದ ಕೂಡಿಸಿರುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ನಮ್ಮ ಊರಿನಲ್ಲಿ ಅದು ಕೆಲವು ವರ್ಷಗಳಲ್ಲಿ ಅಂಚಿನಿಂದ ಬಿಡಲು ಶುರುವಾಗುತ್ತದೆ. ಫೀನಾಲ್ ಫಾರ್ಮಾಲ್ಡಿಹೈಡ್ ಅಂಟಿರುವ ಬಿಡಬ್ಲ್ಯುಆರ್ (ಕುದಿಯುವ ನೀರನ್ನೂ ತಡೆಯುವ) ದರ್ಜೆ, ಅಥವಾ ಐಎಸ್ 710 ಗುರುತಿರುವ ಮರೈನ್ ಪ್ಲೈ ಆರಿಸಿಕೊಳ್ಳಿ. ಪೂರ್ತಿ 8 ಅಡಿ 4 ಅಡಿಯ ಹಲಗೆ ಬೇಕಾಗುವುದಿಲ್ಲ. ಮಂಗಳೂರಿನ ಅಥವಾ ಉಡುಪಿಯ ಪ್ಲೈವುಡ್ ಅಂಗಡಿಗಳಲ್ಲಿ, ಇಲ್ಲವೇ ಅಡುಗೆಮನೆಯ ಕಪಾಟು ಮಾಡುವವರ ಬಳಿ ಕೇಳಿದರೆ ಉಳಿದ ತುಂಡುಗಳು ಸಿಗುತ್ತವೆ. ಬಾಗಿಲ್ಲವೆಂದು ಮಟ್ಟಗೋಲು ಇಟ್ಟು ನೋಡಿಯೇ ತನ್ನಿ. ಎಂಡಿಎಫ್ ಹಲಗೆ ನುಣುಪಾಗಿ, ಸಪಾಟಾಗಿ ಇರುತ್ತದೆಯಾದರೂ ತೇವಕ್ಕೆ ಅಂಚಿನಲ್ಲಿ ಉಬ್ಬುವುದರಿಂದ ನಾನು ಅದನ್ನು ಸ್ಲೆಡ್ಡಿಗೆ ಬಳಸುವುದಿಲ್ಲ.

ನಾನು ಇಟ್ಟುಕೊಂಡ ಅಳತೆ ಹೀಗಿದೆ: ತಳಹಲಗೆ 750 ಮಿ.ಮೀ. ಅಗಲ, 600 ಮಿ.ಮೀ. ಆಳ. ಎರಡೂ ಫೆನ್ಸ್‌ಗಳು 18 ಮಿ.ಮೀ. ಪ್ಲೈವುಡ್ಡಿನ ಎರಡು ಪದರಗಳನ್ನು ಅಂಟಿಸಿ ಮಾಡಿದ 36 ಮಿ.ಮೀ. ದಪ್ಪದವು. ಬ್ಲೇಡ್ ಹಾಯುವ ನಡುಭಾಗದಲ್ಲಿ ಅವುಗಳ ಎತ್ತರ 110 ಮಿ.ಮೀ., ಎರಡೂ ತುದಿಗಳಲ್ಲಿ 75 ಮಿ.ಮೀ. ನಡುವೆ ಎತ್ತರ ಬೇಕಾಗುವುದಕ್ಕೆ ಕಾರಣವಿದೆ: ಬ್ಲೇಡನ್ನು ಪೂರ್ತಿ ಎತ್ತಿ ಫೆನ್ಸನ್ನು ಸೀಳಿದ ಮೇಲೂ ಅದರ ಮೇಲೆ ಸುಮಾರು 40 ಮಿ.ಮೀ. ಗಟ್ಟಿ ಮರ ಉಳಿಯಬೇಕು. ಸ್ಲೆಡ್‌ನ ಎರಡು ಅರ್ಧಗಳನ್ನು ಹಿಡಿದಿಡುವುದು ಆ ಮರವೇ. ಸಣ್ಣ ಯಂತ್ರವಿದ್ದವರು ಆಳವನ್ನು 500 ಮಿ.ಮೀ.ಗೆ ಇಳಿಸಿಕೊಳ್ಳಬಹುದು.

ಸ್ಕ್ರೂಗಳು ಸ್ಟೇನ್‌ಲೆಸ್ ಸ್ಟೀಲಿನವು ಅಥವಾ ಹಿತ್ತಾಳೆಯವು ಇರಲಿ. ಸಮುದ್ರದಿಂದ ಬರುವ ಉಪ್ಪುಗಾಳಿಗೆ ಸಾಧಾರಣ ಕಬ್ಬಿಣದ ಸ್ಕ್ರೂ ತುಕ್ಕು ಹಿಡಿದರೆ ಎರಡು ವರ್ಷದ ಬಳಿಕ ಬಿಚ್ಚಲು ಹೋದಾಗ ತಲೆ ಮುರಿದು ಕೈಗೆ ಬರುತ್ತದೆ, ಮತ್ತು ಈ ಸ್ಲೆಡ್ಡಿನಲ್ಲಿ ಬಿಚ್ಚುವ ಕೆಲಸ ಇದ್ದೇ ಇದೆ.

ರನ್ನರ್: ಇಡೀ ಕೆಲಸದ ಮರ್ಮ

ಹೆಚ್ಚಿನ ಯಂತ್ರಗಳಲ್ಲಿ ಸ್ಲಾಟಿನ ಅಗಲ ಮುಕ್ಕಾಲು ಇಂಚು, ಅಂದರೆ ಸುಮಾರು 19 ಮಿ.ಮೀ.; ಆಳ ಸುಮಾರು 9.5 ಮಿ.ಮೀ. ನಿಮ್ಮ ಯಂತ್ರದ ಸ್ಲಾಟನ್ನು ನೀವೇ ಅಳೆಯಿರಿ, ಅದರಲ್ಲೂ ಎರಡೂ ತುದಿ ಮತ್ತು ನಡುವೆ, ಮೂರು ಕಡೆ.

ಮರವು ತೇವ ಹೀರಿದಾಗ ಉದ್ದಕ್ಕೆ ಬಹುತೇಕ ಬೆಳೆಯುವುದಿಲ್ಲ, ಅಡ್ಡಕ್ಕೆ ಬೆಳೆಯುತ್ತದೆ. ಅಡ್ಡಕ್ಕೂ ಎರಡು ದಿಕ್ಕುಗಳಿವೆ: ಬೆಳವಣಿಗೆಯ ಉಂಗುರದ ಗುಂಟ ಒಂದು, ತಿರುಳಿನಿಂದ ತೊಗಟೆಯ ಕಡೆಗೆ ಇನ್ನೊಂದು. ಸಾಗುವಾನಿ ಹಸಿಯಿಂದ ಪೂರ್ತಿ ಒಣಗುವವರೆಗೆ ಉಂಗುರದ ಗುಂಟ ಸುಮಾರು ಶೇಕಡಾ 5.8ರಷ್ಟು ಕುಗ್ಗಿದರೆ, ತಿರುಳು ತೊಗಟೆಯ ದಿಕ್ಕಿನಲ್ಲಿ ಸುಮಾರು ಶೇಕಡಾ 2.5ರಷ್ಟೇ ಕುಗ್ಗುತ್ತದೆ. ಈ ಕುಗ್ಗುವಿಕೆಯೆಲ್ಲ ಮರದ ತೇವಾಂಶ ಸುಮಾರು ಶೇಕಡಾ 30ರಿಂದ ಸೊನ್ನೆಗೆ ಇಳಿಯುವಾಗ ಆಗುವಂಥದ್ದು. ಬೇಸಿಗೆಗೂ ಮಳೆಗಾಲಕ್ಕೂ ಮರದ ತೇವಾಂಶದಲ್ಲಿ 4 ಅಂಶಗಳ ವ್ಯತ್ಯಾಸ ಬಂದರೆ, 19 ಮಿ.ಮೀ. ಅಗಲದ ರನ್ನರ್ ಉಂಗುರದ ಗುಂಟ ಕೊಯ್ದದ್ದಾದರೆ ಸುಮಾರು 0.15 ಮಿ.ಮೀ. ಉಬ್ಬುತ್ತದೆ, ಇನ್ನೊಂದು ದಿಕ್ಕಿನದಾದರೆ ಸುಮಾರು 0.06 ಮಿ.ಮೀ. ಸಾಧಾರಣ ಝೆರಾಕ್ಸ್ ಕಾಗದದ ದಪ್ಪ ಸುಮಾರು 0.1 ಮಿ.ಮೀ. ಎಂದು ನೆನಪಿಟ್ಟರೆ ಇದರ ಅರ್ಥ ತಿಳಿಯುತ್ತದೆ: ಮೊದಲನೆಯದು ಸ್ಲಾಟಿನಲ್ಲಿ ಕಚ್ಚಿಕೊಳ್ಳುತ್ತದೆ, ಎರಡನೆಯದು ಓಡುತ್ತಲೇ ಇರುತ್ತದೆ. ಆಚಾರ್ಯರು ಹೇಳಿದ್ದು ಇದನ್ನೇ. ರನ್ನರಿನ ತುದಿಯನ್ನು ನೋಡಿದಾಗ ಉಂಗುರದ ಗೆರೆಗಳು 9 ಮಿ.ಮೀ. ದಪ್ಪದ ದಿಕ್ಕಿನಲ್ಲಿ, ಅಂದರೆ ಮೇಜಿನಿಂದ ಮೇಲ್ಮುಖವಾಗಿ, ನಿಂತಿರಬೇಕು.

ಇಂಥ ಮರಕ್ಕೆ ಒಳ್ಳೆಯ ಮೂಲ ಹಳೆಯ ಹೆಂಚಿನ ಮನೆ ಬಿಚ್ಚಿದ ಮರ. ಪಕ್ಕಾಸು, ರೀಪುಗಳಾಗಿ ಹಲವು ದಶಕ ಮಾಡಿನಡಿ ಒಣಗಿದ ಸಾಗುವಾನಿ ಅಥವಾ ಕಿರಾಲುಭೋಗಿ ಈಗಿನ ಮಿಲ್ಲಿನ ಹೊಸ ಮರಕ್ಕಿಂತ ಎಷ್ಟೋ ಸ್ಥಿರ. ಆದರೆ ರೀಪಿನಲ್ಲಿ ಮೊಳೆ ಮುರಿದು ಒಳಗೆ ಉಳಿದಿರುವುದು ಸಾಮಾನ್ಯ. ಗಟ್ಟಿ ಅಯಸ್ಕಾಂತವನ್ನು ನಾಲ್ಕೂ ಮೈಗೆ ಆಡಿಸಿ ನೋಡದೆ ಬ್ಲೇಡಿಗೆ ಕೊಡಬೇಡಿ. ಕಾರ್ಬೈಡ್ ಹಲ್ಲು ಒಂದು ಮೊಳೆಗೆ ತಾಗಿದರೆ ಸಿಡಿದು ಹಾರುತ್ತದೆ.

ತೇವದ ಚಿಂತೆಯೇ ಬೇಡವೆನ್ನುವವರು ಪ್ಲಾಸ್ಟಿಕ್ ಬಳಸಬಹುದು. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ದಪ್ಪನೆಯ ಬಿಳಿ ಹಲಗೆ ಹೆಚ್ಚಾಗಿ ಎಚ್‌ಡಿಪಿಇ ಆಗಿರುತ್ತದೆ; ಅದು ನೀರು ಹೀರುವುದಿಲ್ಲ, ಜಾರುವ ಗುಣವೂ ಇದೆ. ಅದಕ್ಕೆ ಸಾಧಾರಣ ಅಂಟು ಹಿಡಿಯದ ಕಾರಣ ಸ್ಕ್ರೂ ಒಂದೇ ದಾರಿ. ಪ್ಲಾಸ್ಟಿಕ್ ಬಿಸಿಲಿಗೆ ಉದ್ದಕ್ಕೆ ಬೆಳೆಯುವುದರಿಂದ ಸ್ಕ್ರೂ ತೂತುಗಳನ್ನು ನಡುವಿನದೊಂದನ್ನು ಬಿಟ್ಟು ಉಳಿದವನ್ನು ಸ್ವಲ್ಪ ಉದ್ದುದ್ದಕ್ಕೆ ಕೊರೆಯುವುದು ಒಳ್ಳೆಯದು. ನಾನು ಈಗ ಬಳಸುತ್ತಿರುವುದು ಪ್ಲಾಸ್ಟಿಕ್ ರನ್ನರ್. ಎರಡು ಮಳೆಗಾಲ ಕಳೆದರೂ ಓಟದಲ್ಲಿ ವ್ಯತ್ಯಾಸ ಬಂದಿಲ್ಲ. ಮುಕ್ಕಾಲು ಇಂಚಿನ ಅಲ್ಯೂಮಿನಿಯಂ ಪಟ್ಟಿ ಸಿಕ್ಕಿದರೆ ಅದೂ ಆಗುತ್ತದೆ, ಕಬ್ಬಿಣದ ಪಟ್ಟಿ ಮಾತ್ರ ಬೇಡ.

ರನ್ನರಿನ ದಪ್ಪ 9 ಮಿ.ಮೀ. ಇರಲಿ, ಸ್ಲಾಟಿನ ತಳಕ್ಕೆ ತಾಗಬಾರದು. ಅಗಲವನ್ನು ಸ್ವಲ್ಪ ಹೆಚ್ಚಾಗಿಯೇ ಕೊಯ್ದು, ಕೀಸುಳಿಯಿಂದ ಒಂದೊಂದೇ ಎಳೆ ತೆಗೆಯುತ್ತಾ ಸ್ಲಾಟಿನಲ್ಲಿ ಇಟ್ಟು ನೋಡುತ್ತಾ ಹೋಗಬೇಕು. ಬೆರಳಿನಿಂದ ತಳ್ಳಿದರೆ ಓಡಬೇಕು, ಅತ್ತಿತ್ತ ಆಡಿಸಿದರೆ ಆಡಬಾರದು. ಮರದ ರನ್ನರನ್ನು ಡಿಸೆಂಬರ್‌ನಿಂದ ಮಾರ್ಚ್ ನಡುವೆ ಮಾಡುವುದಾದರೆ ಒಂದು ಕಾಗದದ ದಪ್ಪದಷ್ಟು ಸಡಿಲ ಬಿಡಿ. ಮಳೆಗಾಲದಲ್ಲಿ ಮಾಡುವುದಾದರೆ ಬಿಗಿಯಾಗಿಯೇ ಕೂರಿಸಿ.

ತಳಹಲಗೆಗೆ ರನ್ನರ್ ಕೂಡಿಸುವುದು

ರನ್ನರ್‌ಗಳನ್ನು ಸ್ಲಾಟಿನಲ್ಲಿಟ್ಟಾಗ ಅವು ಮೇಜಿನ ಮಟ್ಟಕ್ಕಿಂತ ತುಸು ಮೇಲೆ ನಿಂತರೆ ಮಾತ್ರ ತಳಹಲಗೆಗೆ ತಾಗುತ್ತವೆ. ಇದಕ್ಕೆ ಸ್ಲಾಟಿನೊಳಗೆ ನಾಣ್ಯ ಇಡಿ ಎಂದು ಕೆಲವರು ಹೇಳುವುದುಂಟು, ಆದರೆ ನಮ್ಮ ಒಂದು ರೂಪಾಯಿ ನಾಣ್ಯ 19 ಮಿ.ಮೀ.ಗಿಂತ ಅಗಲವಾದ್ದರಿಂದ ಸ್ಲಾಟಿನಲ್ಲಿ ಇಳಿಯುವುದಿಲ್ಲ. 6 ಮಿ.ಮೀ. ಬೋಲ್ಟಿಗೆ ಹಾಕುವ ವಾಷರ್ 12 ಮಿ.ಮೀ. ಅಗಲ, 1.6 ಮಿ.ಮೀ. ದಪ್ಪ ಇರುತ್ತದೆ, ಪ್ರತಿ ಸ್ಲಾಟಿನಲ್ಲಿ ನಾಲ್ಕೈದು ವಾಷರ್ ಸಾಲಾಗಿ ಇಟ್ಟು ಅವುಗಳ ಮೇಲೆ ರನ್ನರ್ ಇಟ್ಟರೆ ಅದು ಸುಮಾರು 1 ಮಿ.ಮೀ. ಮೇಲೇಳುತ್ತದೆ.

ಬ್ಲೇಡನ್ನು ಪೂರ್ತಿ ಕೆಳಗಿಳಿಸಿ. ಯಂತ್ರದ ರಿಪ್ ಫೆನ್ಸನ್ನು (ಉದ್ದಕ್ಕೆ ಸೀಳುವಾಗ ಮರವನ್ನು ಒರಗಿಸುವ, ಬ್ಲೇಡಿಗೆ ಸಮಾನಾಂತರವಾದ ಪಟ್ಟಿ) ಒಂದು ಬದಿಗೆ ಬಿಗಿದು, ತಳಹಲಗೆಯ ಬಲ ಅಂಚು ಅದಕ್ಕೆ ಒರಗಿ ಕೂತಾಗ ಬ್ಲೇಡ್ ಹಲಗೆಯ ನಡುವೆ ಬರುವಂತೆ ನೋಡಿಕೊಳ್ಳಿ. ರನ್ನರ್‌ಗಳ ಮೈಗೆ ಅಲ್ಲಲ್ಲಿ ಫೆವಿಕ್ವಿಕ್ ಹನಿ ಹಾಕಿ ಹಲಗೆಯನ್ನು ಅವುಗಳ ಮೇಲೆ ಇಳಿಸಿ ಭಾರ ಇಡಿ. ಪ್ಲಾಸ್ಟಿಕ್ ರನ್ನರ್ ಆದರೆ ಎರಡು ಬದಿಗೂ ಅಂಟಿರುವ ತೆಳು ಟೇಪ್ ಬಳಸಿ. ಹತ್ತು ನಿಮಿಷ ಬಿಟ್ಟು ಮೆಲ್ಲನೆ ಎತ್ತಿ, ಬೋರಲು ಹಾಕಿ, ಸುಮಾರು 100 ಮಿ.ಮೀ.ಗೊಂದರಂತೆ ತೂತು ಕೊರೆದು 16 ಮಿ.ಮೀ. ಉದ್ದದ ಸ್ಕ್ರೂಗಳನ್ನು ಹಾಕಿ. ತೂತಿನ ಬಾಯಿಯನ್ನು ಅಗಲಿಸಿ ಸ್ಕ್ರೂ ತಲೆ ಒಳಗೆ ಕೂರುವಂತೆ ಮಾಡಬೇಕು. ಮರದ ರನ್ನರಿಗೆ ಮೊದಲೇ ತೂತು ಕೊರೆಯದೆ ಸ್ಕ್ರೂ ಹಾಕಿದರೆ ಅದು ಸೀಳುತ್ತದೆ.

ಈಗ ಸ್ಲೆಡ್ಡನ್ನು ಹತ್ತಿಪ್ಪತ್ತು ಸಲ ಹಿಂದೆ ಮುಂದೆ ಓಡಿಸಿ. ಎಲ್ಲಾದರೂ ಹಿಡಿಯುತ್ತಿದ್ದರೆ ರನ್ನರಿನ ಬದಿಯಲ್ಲಿ ಲೋಹ ಉಜ್ಜಿದ ಕಪ್ಪು ಗುರುತು ಬೀಳುತ್ತದೆ. ಗುರುತಿರುವ ಜಾಗವನ್ನು ಮಾತ್ರ ಸ್ಯಾಂಡ್ ಪೇಪರಿನಿಂದ ಉಜ್ಜಿ, ಮತ್ತೆ ಓಡಿಸಿ. ಇದರಲ್ಲಿ ಅವಸರ ಮಾಡುವುದು ಬೇಡ; ನನಗೆ ಒಂದು ಸಂಜೆಯೇ ಹಿಡಿದಿತ್ತು. ಪ್ಲಾಸ್ಟಿಕ್ ರನ್ನರ್ ಸಡಿಲವಾದರೆ ಅದರ ನಡುಗೆರೆಯಲ್ಲಿ ಸಣ್ಣ ತೂತು ಕೊರೆದು ಸ್ವಲ್ಪ ದಪ್ಪದ ಸ್ಕ್ರೂ ತಿರುಗಿಸಿದರೆ ಆ ಜಾಗದಲ್ಲಿ ಪ್ಲಾಸ್ಟಿಕ್ ಕೂದಲೆಳೆಯಷ್ಟು ಅಗಲವಾಗಿ ಸಡಿಲು ತುಂಬುತ್ತದೆ.

ಫೆನ್ಸ್‌ಗಳು ಮತ್ತು ಮೊದಲ ಸೀಳು

ಆಚೆ ಕಡೆಯ ಫೆನ್ಸಿನ ಕೆಲಸ ತಳಹಲಗೆಯ ಎರಡು ಅರ್ಧಗಳನ್ನು ಹಿಡಿದಿಡುವುದಷ್ಟೇ. ಅದು ಕಣ್ಣಂದಾಜಿಗೆ ನೇರವಿದ್ದರೆ ಸಾಕು. ನೀರು ತಡೆಯುವ ಫೆವಿಕಾಲ್ ಮರೈನ್ ಹಚ್ಚಿ, ಅಡಿಯಿಂದ 40 ಮಿ.ಮೀ. ಸ್ಕ್ರೂ ಹಾಕಿ ಖಾಯಂ ಮಾಡಿಬಿಡಿ. ಬ್ಲೇಡ್ ಹಾಯುವ ಗೆರೆಯ ಎರಡೂ ಬದಿಗೆ 60 ಮಿ.ಮೀ. ಒಳಗೆ ಯಾವ ಸ್ಕ್ರೂವೂ ಇರಬಾರದು. ಫೆನ್ಸಿನ ಎರಡು ಪದರಗಳ ನಡುವಿನ ಅಂಟುಗೆರೆಗೆ ಸ್ಕ್ರೂ ಬಿದ್ದರೆ ಪದರಗಳು ಬಿಡುತ್ತವೆ, ಆದ್ದರಿಂದ ಒಂದು ಪದರದ ನಡುವಿಗೆ ಗುರಿ ಇಡಿ.

ಬಳಿಕ ಬ್ಲೇಡನ್ನು ಮೇಜಿನಿಂದ ಸುಮಾರು 30 ಮಿ.ಮೀ. ಎತ್ತಿ, ಸ್ಲೆಡ್ಡನ್ನು ಪೂರ್ತಿ ನಮ್ಮ ಕಡೆಗೆ ಎಳೆದುಕೊಂಡು, ಯಂತ್ರ ಚಾಲೂ ಮಾಡಿ ನಿಧಾನವಾಗಿ ಮುಂದಕ್ಕೆ ತಳ್ಳಿ. ಬ್ಲೇಡ್ ಆಚೆ ಫೆನ್ಸಿನ ಕೆಳಭಾಗವನ್ನು ಸೀಳಿ ತಳಹಲಗೆಯಲ್ಲಿ ಸಾಗುತ್ತದೆ. ನಮ್ಮ ಕಡೆಯ ಅಂಚಿಗೆ 120 ಮಿ.ಮೀ. ಉಳಿದಿರುವಾಗ ನಿಲ್ಲಿಸಿ, ಸ್ವಿಚ್ ಆರಿಸಿ, ಬ್ಲೇಡ್ ಪೂರ್ತಿ ನಿಂತ ಮೇಲೆಯೇ ಸ್ಲೆಡ್ ಎತ್ತಿ. ಹಲಗೆ ಇನ್ನೂ ಒಂದೇ ತುಂಡಾಗಿ ಉಳಿದಿದೆ, ನಮ್ಮ ಕಡೆಯ ಫೆನ್ಸನ್ನು ಹೊಂದಿಸಲು ಬೇಕಾದ ಸೀಳು ಸಿಕ್ಕಿದೆ.

ನಮ್ಮ ಕಡೆಯ ಫೆನ್ಸಿನ ಒಳಮೈ ದರ್ಪಣದಷ್ಟು ನೇರವಿರಬೇಕು. ಅದರ ಕೆಳ ಒಳಅಂಚನ್ನು 3 ಮಿ.ಮೀ.ನಷ್ಟು ಓರೆಯಾಗಿ ಕೀಸಿ. ಆ ಸಂದಿಯಲ್ಲಿ ಮರದ ಹುಡಿ ಹೋಗಿ ಕೂರುತ್ತದೆ. ಹಾಗೆ ಮಾಡದಿದ್ದರೆ ಹುಡಿಯ ಒಂದು ಕಣ ಹಲಗೆ ಮತ್ತು ಫೆನ್ಸಿನ ನಡುವೆ ಸಿಕ್ಕಿ ಇಷ್ಟೆಲ್ಲ ಅಳತೆಯನ್ನು ಕೆಡಿಸುತ್ತದೆ. ಫೆನ್ಸನ್ನು ಹಲಗೆಯ ಅಂಚಿನಿಂದ 75 ಮಿ.ಮೀ. ಒಳಗಿಟ್ಟು, ಅದರ ಎಡತುದಿಗೆ ಅಡಿಯಿಂದ ಒಂದು ಸ್ಕ್ರೂ ಹಾಕಿ. ಅದೇ ತಿರುಗಣೆ. ಮೂಲೆಮಟ್ಟದ ಒಂದು ಅಂಚನ್ನು ಸೀಳಿಗೆ, ಇನ್ನೊಂದನ್ನು ಫೆನ್ಸಿಗೆ ಹೊಂದಿಸಿ, ಬಲತುದಿಗೆ ಕ್ಲಾಂಪ್ ಬಿಗಿದು ಅಲ್ಲಿಯೂ ಒಂದು ಸ್ಕ್ರೂ ಹಾಕಿ. ಈ ಫೆನ್ಸಿಗೆ ಅಂಟು ಹಚ್ಚಬೇಡಿ, ಈಗಲೂ ಬೇಡ, ಮುಂದೆಯೂ ಬೇಡ.

ಐದು ಕೊಯ್ತಗಳ ಪರೀಕ್ಷೆ

ಮೂಲೆಮಟ್ಟದಿಂದ ಹೊಂದಿಸಿದ ಫೆನ್ಸ್ ಅಂದಾಜಿಗೆ ಮಾತ್ರ ಸರಿಯಾಗಿರುತ್ತದೆ. ಅದರ ನಿಜವಾದ ತಪ್ಪನ್ನು ನಾಲ್ಕು ಪಟ್ಟು ದೊಡ್ಡದು ಮಾಡಿ ತೋರಿಸುವ ಪರೀಕ್ಷೆ ಇದೆ. ಇದಕ್ಕೆ ಬೇಕಾಗುವುದು 300 ಮಿ.ಮೀ. ಚೌಕದ ಪ್ಲೈವುಡ್ ತುಂಡು ಮತ್ತು ಕ್ಯಾಲಿಪರ್. ಆದರೆ ಶುರುಮಾಡುವ ಮೊದಲು, ಮುಂದಿನ ‘ಕೈಗಳ ರಕ್ಷಣೆ’ ಭಾಗದಲ್ಲಿ ಹೇಳಿದ ದಿಮ್ಮಿಯನ್ನು ಫೆನ್ಸಿಗೆ ಅಂಟಿಸಿಕೊಳ್ಳಿ.

ತುಂಡನ್ನು ಸೀಳಿನ ಎಡಕ್ಕೆ, ನಮ್ಮ ಕಡೆಯ ಫೆನ್ಸಿಗೆ ಒತ್ತಿ ಇಟ್ಟು, ಬಲ ಅಂಚಿನಿಂದ 10 ಮಿ.ಮೀ.ನಷ್ಟು ಕೊಯ್ದು ತೆಗೆಯಿರಿ. ಈಗ ಕೊಯ್ದ ಅಂಚು ಫೆನ್ಸಿಗೆ ಬರುವಂತೆ ತುಂಡನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಕಾಲುಸುತ್ತು ತಿರುಗಿಸಿ ಮತ್ತೆ 10 ಮಿ.ಮೀ. ಕೊಯ್ಯಿರಿ. ಹೀಗೆ ನಾಲ್ಕು ಬದಿ ಮುಗಿದ ಮೇಲೆ, ಇನ್ನೊಮ್ಮೆ ತಿರುಗಿಸಿ, ಐದನೆಯ ಸಲ ಸುಮಾರು 25 ಮಿ.ಮೀ. ಅಗಲದ ಪಟ್ಟಿಯನ್ನು ಕೊಯ್ಯಿರಿ. ಪಟ್ಟಿ ಬಿದ್ದ ಕೂಡಲೇ ಅದರ ಆಚೆ ತುದಿಗೆ ‘ಕ’ ಎಂದೂ, ಫೆನ್ಸಿನ ಬಳಿ ಇದ್ದ ತುದಿಗೆ ‘ಖ’ ಎಂದೂ ಬರೆಯಿರಿ. ಇದನ್ನು ಮರೆತರೆ ಪಟ್ಟಿ ತಿರುಗುಮುರುಗಾಗಿ ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ಎರಡೂ ತುದಿಗಳ ಅಗಲ ಅಳೆಯಿರಿ. ಉದಾಹರಣೆಗೆ ‘ಕ’ 25.60 ಮಿ.ಮೀ., ‘ಖ’ 25.20 ಮಿ.ಮೀ. ಎಂದಿಟ್ಟುಕೊಳ್ಳೋಣ. ವ್ಯತ್ಯಾಸ 0.40, ಇದರಲ್ಲಿ ನಾಲ್ಕು ಸಲದ ತಪ್ಪು ಸೇರಿರುವುದರಿಂದ ನಾಲ್ಕರಿಂದ ಭಾಗಿಸಿದರೆ 0.10 ಮಿ.ಮೀ. ಇದು ಪಟ್ಟಿಯ ಉದ್ದವಾದ 280 ಮಿ.ಮೀ.ಗೆ ಬಂದ ತಪ್ಪು. ತಿರುಗಣೆಯ ಸ್ಕ್ರೂವಿನಿಂದ ಬಲತುದಿಯ ಸ್ಕ್ರೂವಿಗೆ 660 ಮಿ.ಮೀ. ಇದ್ದರೆ, 0.10 ಅನ್ನು 280ರಿಂದ ಭಾಗಿಸಿ 660ರಿಂದ ಗುಣಿಸಿ, ಸುಮಾರು 0.24 ಮಿ.ಮೀ. ಬರುತ್ತದೆ. ಫೆನ್ಸಿನ ಬಲತುದಿಯನ್ನು ಸರಿಸಬೇಕಾದದ್ದು ಅಷ್ಟು. ದಿಕ್ಕು ಯಾವುದೆಂದರೆ, ‘ಕ’ ದೊಡ್ಡದಾಗಿದ್ದರೆ ಬಲತುದಿಯನ್ನು ಆಚೆಗೆ ತಳ್ಳಬೇಕು, ‘ಖ’ ದೊಡ್ಡದಾಗಿದ್ದರೆ ನಮ್ಮ ಕಡೆಗೆ ಎಳೆಯಬೇಕು. ತಿರುಗಣೆ ಎಡತುದಿಯಲ್ಲಿದ್ದು, ತುಂಡನ್ನು ಸೀಳಿನ ಎಡಕ್ಕೆ ಇಟ್ಟು ಕೊಯ್ದಾಗ ಮಾತ್ರ ಈ ನಿಯಮ ಹೊಂದುತ್ತದೆ.

ಕಾಲು ಮಿಲಿಮೀಟರನ್ನು ಕೈ ಅಂದಾಜಿನಲ್ಲಿ ಸರಿಸಲು ಬರುವುದಿಲ್ಲ. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಹೊಂದಿಸಲು ಬಳಸುವ ಫೀಲರ್ ಗೇಜ್ ವಾಹನದ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುತ್ತದೆ; ಅದರಲ್ಲಿ 0.05ರಿಂದ 1 ಮಿ.ಮೀ.ವರೆಗಿನ ದಪ್ಪದ ಉಕ್ಕಿನ ಎಲೆಗಳಿರುತ್ತವೆ. ಫೆನ್ಸನ್ನು ಆಚೆಗೆ ತಳ್ಳಬೇಕಿದ್ದರೆ, ಬಲತುದಿಯಲ್ಲಿ ಫೆನ್ಸಿನ ಒಳಮೈಗೆ 0.25 ಮಿ.ಮೀ. ಎಲೆಯನ್ನು ತಾಗಿಸಿ, ಎಲೆಗೆ ತಾಗುವಂತೆ ಒಂದು ಮರದ ತುಂಡನ್ನು ತಳಹಲಗೆಗೆ ಕ್ಲಾಂಪ್ ಮಾಡಿ. ಬಲತುದಿಯ ಸ್ಕ್ರೂ ಬಿಚ್ಚಿ, ಎಲೆಯನ್ನು ತೆಗೆದು, ಫೆನ್ಸನ್ನು ತುಂಡಿಗೆ ಒತ್ತಿ ಹಿಡಿದು ಹೊಸ ಜಾಗದಲ್ಲಿ ತೂತು ಕೊರೆದು ಸ್ಕ್ರೂ ಹಾಕಿ. ಹಳೆಯ ತೂತಿಗೇ ಹಾಕಿದರೆ ಸ್ಕ್ರೂ ಫೆನ್ಸನ್ನು ಹಳೆಯ ಜಾಗಕ್ಕೇ ಎಳೆದೊಯ್ಯುತ್ತದೆ. ನಮ್ಮ ಕಡೆಗೆ ಎಳೆಯಬೇಕಿದ್ದರೆ ಎಲೆ ಮತ್ತು ತುಂಡನ್ನು ಫೆನ್ಸಿನ ಹೊರಮೈಗೆ ಇಟ್ಟು ಇದನ್ನೇ ಮಾಡಬೇಕು.

ಪರೀಕ್ಷೆಯನ್ನು ಮತ್ತೆ ಮಾಡಿ. ‘ಕ’ ಮತ್ತು ‘ಖ’ ನಡುವಿನ ವ್ಯತ್ಯಾಸ 0.1 ಮಿ.ಮೀ.ಗೆ ಇಳಿದರೆ ನಿಜವಾದ ತಪ್ಪು 280 ಮಿ.ಮೀ.ಗೆ 0.025 ಮಿ.ಮೀ. ಮಾತ್ರ. ಮರಗೆಲಸಕ್ಕೆ ಇದಕ್ಕಿಂತ ಹೆಚ್ಚಿನ ನಿಖರತೆಯ ಹಿಂದೆ ಹೋಗುವುದು ಅನಗತ್ಯವೆಂದು ನನ್ನ ಅಭಿಪ್ರಾಯ. ಆಮೇಲೆ ಫೆನ್ಸಿಗೆ ಇನ್ನೂ ಎರಡು ಮೂರು ಸ್ಕ್ರೂಗಳನ್ನು ಹಾಕಿ ಗಟ್ಟಿ ಮಾಡಿ.

ಕೈಗಳ ರಕ್ಷಣೆ

ಐದು ಕೊಯ್ತಗಳ ಪರೀಕ್ಷೆಯಲ್ಲಿ ಬ್ಲೇಡ್ ನಮ್ಮ ಕಡೆಯ ಫೆನ್ಸನ್ನು ಸೀಳಿಕೊಂಡು ಹೊರಬರುತ್ತದೆ, ಮತ್ತು ಹೆಬ್ಬೆರಳುಗಳು ಫೆನ್ಸಿನ ಹಿಂದೆ ಇರುವುದು ನಮಗೆಲ್ಲ ಅಭ್ಯಾಸ. ಆದ್ದರಿಂದ ಪರೀಕ್ಷೆಗೆ ಮೊದಲೇ, ಸೀಳು ಬರುವ ಜಾಗದಲ್ಲಿ ಫೆನ್ಸಿನ ಹೊರಮೈಗೆ 100 ಮಿ.ಮೀ. ಅಗಲ, 70 ಮಿ.ಮೀ. ದಪ್ಪದ ಗಟ್ಟಿ ಮರದ ದಿಮ್ಮಿಯನ್ನು ಅಂಟಿಸಬೇಕು. ತಳಹಲಗೆಗೆ ಅದನ್ನು ಅಂಟಿಸಬೇಡಿ. ಫೆನ್ಸ್ ಸರಿಸುವಾಗ ಅದೂ ಜೊತೆಗೆ ಸರಿಯಬೇಕು. ದಿಮ್ಮಿಯ ಅಡಿಯಲ್ಲಿಯೂ ತಳಹಲಗೆ ಇರಬೇಕಾದ್ದರಿಂದ ಫೆನ್ಸನ್ನು ಹಲಗೆಯ ಅಂಚಿನಿಂದ 75 ಮಿ.ಮೀ. ಒಳಗೆ ಕೂರಿಸಿ. ದಿಮ್ಮಿಗೆ ಕೆಂಪು ಬಣ್ಣ ಬಳಿದರೆ ಕೈ ತಾನಾಗಿಯೇ ದೂರ ಉಳಿಯುತ್ತದೆ. ಯಂತ್ರದ ಆಚೆ ಬದಿಯಲ್ಲಿ ಸ್ಲೆಡ್ ಒರಗಲು ಮೇಜು ಇಟ್ಟಿದ್ದರೆ, ಬ್ಲೇಡ್ ದಿಮ್ಮಿಯ ನಡುವಿಗೆ ಬರುವಷ್ಟರಲ್ಲಿ ಸ್ಲೆಡ್ ನಿಲ್ಲುವಂತೆ ಅದರ ಮೇಲೆ ಒಂದು ತಡೆಯನ್ನು ಕ್ಲಾಂಪ್ ಮಾಡಿ.

ಸ್ಲೆಡ್ ಬಳಸುವಾಗ ಯಂತ್ರದ ಬ್ಲೇಡ್ ಮುಚ್ಚಳ ತೆಗೆಯಬೇಕಾಗುತ್ತದೆ, ಹಾಗಾಗಿ ಕೈಗಳು ಸೀಳಿನಿಂದ ಒಂದು ಗೇಣು ದೂರವಿರಲಿ. ಕೈಗವಸು ಬೇಡ, ಅದರ ನೂಲು ಹಲ್ಲಿಗೆ ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಬೇಕು. ಒಂದೇ ಅಳತೆಯ ಹಲವು ತುಂಡುಗಳನ್ನು ಕೊಯ್ಯಲು ರಿಪ್ ಫೆನ್ಸನ್ನು ತಡೆಯಾಗಿ ಬಳಸಬೇಡಿ: ಕೊಯ್ದ ತುಂಡು ಬ್ಲೇಡ್ ಮತ್ತು ರಿಪ್ ಫೆನ್ಸಿನ ನಡುವೆ ಸಿಕ್ಕಿ ನಮ್ಮ ಮೈಮೇಲೆ ಎಸೆಯಲ್ಪಡುತ್ತದೆ. ಬದಲಿಗೆ ಸ್ಲೆಡ್‌ನ ಫೆನ್ಸಿಗೇ ಒಂದು ಮರದ ತುಂಡನ್ನು ಕ್ಲಾಂಪ್ ಮಾಡಿ ಅಳತೆ ಇಟ್ಟುಕೊಳ್ಳಬೇಕು. ಮಳೆಗಾಲದ ನಮ್ಮ ಊರಿಗೆ ಇನ್ನೊಂದು ಎಚ್ಚರಿಕೆಯೂ ಅಗತ್ಯ. ಕೊಯ್ಯುತ್ತಿರುವಾಗ ಕರೆಂಟ್ ಹೋದರೆ ಮೊದಲು ಸ್ವಿಚ್ ಆರಿಸಿ. ಸಾಧಾರಣ ಸ್ವಿಚ್ ಇರುವ ಯಂತ್ರ ಕರೆಂಟ್ ಬಂದ ಕೂಡಲೇ ತಾನಾಗಿ ತಿರುಗತೊಡಗುತ್ತದೆ. ಕರೆಂಟ್ ಹೋದಾಗ ತಾನೇ ಆರಿ, ಮತ್ತೆ ಒತ್ತುವವರೆಗೆ ಚಾಲೂ ಆಗದ ಸ್ವಿಚ್ಚನ್ನು ಎಲೆಕ್ಟ್ರಿಷಿಯನ್‌ರಿಂದ ಹಾಕಿಸಿಕೊಳ್ಳುವುದು ಉತ್ತಮ.

ತೇವದಿಂದ ಕಾಪಾಡುವುದು

ಎಲ್ಲ ಪರೀಕ್ಷೆ ಮುಗಿದ ಮೇಲೆ ಸ್ಲೆಡ್‌ನ ಮೇಲ್ಮೈಗೆ, ಅಡಿಗೆ, ಅದರಲ್ಲೂ ಪ್ಲೈವುಡ್ಡಿನ ಅಂಚುಗಳಿಗೆ ಫ್ರೆಂಚ್ ಪಾಲಿಶ್ ಅಥವಾ ಪಾಲಿಯುರೆಥೇನ್‌ನ ಎರಡು ಮೂರು ಲೇಪ ಕೊಡಿ. ಒಂದೇ ಮೈಗೆ ಹಚ್ಚಿ ಇನ್ನೊಂದನ್ನು ಬಿಟ್ಟರೆ ಹಲಗೆ ಬಾಗುತ್ತದೆ. ಮರದ ರನ್ನರಿಗೂ ಲೇಪ ಬೇಕು, ಆದರೆ ಲೇಪದ ದಪ್ಪವನ್ನೂ ಲೆಕ್ಕಕ್ಕೆ ಹಿಡಿದು ಮತ್ತೊಮ್ಮೆ ಸ್ಲಾಟಿನಲ್ಲಿ ಓಡಿಸಿ ನೋಡಬೇಕು. ಒಣಗಿದ ಬಳಿಕ ಅಡಿಗೂ ರನ್ನರ್‌ಗಳಿಗೂ ಮೇಣದ ಬತ್ತಿ ಉಜ್ಜಿ ಬಟ್ಟೆಯಿಂದ ಒರೆಸಿದರೆ ಸ್ಲೆಡ್ ಬೆರಳ ತುದಿಗೆ ಓಡುತ್ತದೆ. ಎರಕದ ಕಬ್ಬಿಣದ ಮೇಜಿದ್ದವರು ಅದಕ್ಕೂ ಮೇಣ ಹಚ್ಚಬೇಕು. ಮಳೆಗಾಲದಲ್ಲಿ ಒಂದು ರಾತ್ರಿ ಒದ್ದೆ ಬಟ್ಟೆ ಮರೆತರೆ ಸಾಕು, ಬೆಳಿಗ್ಗೆ ತುಕ್ಕಿನ ಕಲೆ ಬಿದ್ದಿರುತ್ತದೆ.

ಸ್ಲೆಡ್ಡನ್ನು ಕೆಂಪುಕಲ್ಲಿನ ಗೋಡೆಗೆ ಒರಗಿಸಿ ಇಡಬೇಡಿ. ಮಳೆಗಾಲದಲ್ಲಿ ಆ ಗೋಡೆ ತೇವವನ್ನು ಒಳಗಿನಿಂದಲೇ ಬಿಡುತ್ತಿರುತ್ತದೆ, ಗೋಡೆಯ ಕಡೆಯ ಮೈ ಮಾತ್ರ ಅದನ್ನು ಹೀರಿ ಹಲಗೆ ಬಾಗುತ್ತದೆ. ನಾನು ಮಾಡಿನ ಪಕ್ಕಾಸಿಗೆ ಎರಡು ಕೊಕ್ಕೆ ಹಾಕಿ, ಎರಡೂ ಬದಿಗೆ ಗಾಳಿಯಾಡುವಂತೆ ತೂಗುಹಾಕಿದ್ದೇನೆ.

ವರ್ಷಕ್ಕೆ ಎರಡು ಸಲ, ಆಟಿ ಕಳೆದು ಸೋಣ ತಿಂಗಳು ಬಂದಾಗ ಒಮ್ಮೆ, ಜನವರಿಯ ಒಣ ದಿನಗಳಲ್ಲಿ ಇನ್ನೊಮ್ಮೆ, ಐದು ಕೊಯ್ತಗಳ ಪರೀಕ್ಷೆಯನ್ನು ಮತ್ತೆ ಮಾಡಿ, ದಿನಾಂಕವನ್ನೂ ‘ಕ’ ‘ಖ’ ಅಳತೆಗಳನ್ನೂ ಸ್ಲೆಡ್‌ನ ಅಡಿಯಲ್ಲಿ ಪೆನ್ಸಿಲಿನಿಂದ ಬರೆದಿಡಿ. ನಾಲ್ಕೈದು ಸಲದ ಅಳತೆ ಸಾಲಾಗಿ ಕಂಡಾಗ ನಿಮ್ಮ ಕೋಣೆಯ ತೇವಕ್ಕೆ ಫೆನ್ಸ್ ಯಾವ ಕಡೆಗೆ, ಎಷ್ಟು ಸರಿಯುತ್ತದೆ ಎಂಬುದು ತಿಳಿಯುತ್ತದೆ, ಮತ್ತು ಯಾವ ಎಲೆಯ ಫೀಲರ್ ಗೇಜ್ ಹಿಡಿದು ಸ್ಕ್ರೂ ಬಿಚ್ಚಬೇಕೆಂದು ಮೊದಲೇ ಗೊತ್ತಿರುತ್ತದೆ.